ಅಂಚಿಗೆ ಬಿಡದ ಚೆಂಡು

ದೇವರಾಜು ಮಾವನ ಎಡಗೈಯಲ್ಲಿ ಹೆಬ್ಬೆರಳಿಲ್ಲ. ತೋರುಬೆರಳು ಅರ್ಧ ಮಾತ್ರ ಇದೆ. ಹಳ್ಳಿಮೈಸೂರಿನ ಪಕ್ಕದ ಊರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ, ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟು ಕೊಡುವಾಗ ಹೋದವು. ಈ ಕೈ ಹೊಲಕ್ಕೆ ಆಗುವುದಿಲ್ಲ ಎಂದು ಅಣ್ಣಂದಿರು, ಈ ಕೈಗೆ ಹೆಣ್ಣು ಕೊಡಲಾಗುವುದಿಲ್ಲ ಎಂದು ನೆಂಟರು, ಎಲ್ಲರೂ ಒಂದೇ ವರ್ಷದಲ್ಲಿ ತೀರ್ಮಾನ ಮಾಡಿದರಂತೆ. ಮಾವ ಬಸ್ಸು ಹತ್ತಿ ಹಾಸನಕ್ಕೆ ಬಂದು ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆದರು.

ಮಾರ್ಕರ್ ಎಂದರೆ ಪೂಲ್ ಮೇಜಿನ ಹತ್ತಿರ ನಿಂತು ಚೆಂಡು ಜೋಡಿಸುವವನು, ಅಂಕ ಕೂಗುವವನು, ಯಾರದು ತಪ್ಪು ಎಂದು ಹೇಳುವವನು. ಆಡುವವನಲ್ಲ. ಸದಸ್ಯರ ಜೊತೆ ಮಾರ್ಕರ್ ಕೋಲು ಹಿಡಿಯುವಂತಿರಲಿಲ್ಲ. ತನಗಾಗಿ ಚೆಂಡು ಇಟ್ಟುಕೊಂಡು ಅಭ್ಯಾಸ ಮಾಡುವಂತೆಯೂ ಇರಲಿಲ್ಲ. ಆದರೆ ಬೆಳಿಗ್ಗೆ ಮೇಜಿನ ಬಟ್ಟೆಗೆ ಬ್ರಷ್ ಹಾಕುವ ಮುಂಚೆ ಹಿಂದಿನ ದಿನದ ಚೆಂಡುಗಳನ್ನು ಎತ್ತಿಡಬೇಕಲ್ಲ? ಅವು ಇದ್ದಲ್ಲಿಂದಲೇ, ಒಂದೊಂದೇ ಏಟಿಗೆ ಮೂಲೆಯ ಚೀಲಕ್ಕೆ ಬೀಳಿಸಿಕೊಳ್ಳಬಹುದು ಎಂದು ಒಬ್ಬ ಹಳೆಯ ಕಾರ್ಯದರ್ಶಿ ಒಪ್ಪಿದ್ದರು. ಮಾವನ ಪಾಲಿನ ಆಟ ಅಷ್ಟೇ, ನಲವತ್ತು ವರ್ಷ.

ಆ ಮೇಜು ಒಂದು ಕಡೆಗೆ ಕೊಂಚ ವಾಲಿತ್ತು. ಪೂಲಿನಲ್ಲಿ ಕೋಲು ತಗಲುವುದು ಬಿಳಿ ಚೆಂಡಿಗೆ ಮಾತ್ರ, ಒಬ್ಬ ಅದನ್ನು ಎಲ್ಲಿ ಬಿಟ್ಟನೋ ಎದುರಾಳಿ ಅಲ್ಲಿಂದಲೇ ಆಡಬೇಕು. ಸದಸ್ಯರು ಆಟ ಮುಗಿಸಿ ಹೊರಡುವಾಗ ಬಿಳಿ ಚೆಂಡನ್ನು ಕೈಯಲ್ಲಿ ತಳ್ಳಿ ಹೋಗುತ್ತಿದ್ದರು. ಅದು ಉರುಳಿ ಉರುಳಿ ಅಂಚಿನ ಪಟ್ಟಿಗೆ ಅಂಟಿಕೊಂಡು ನಿಲ್ಲುತ್ತಿತ್ತು. ಅಂಚಿಗೆ ಅಂಟಿದ ಬಿಳಿ ಚೆಂಡೆಂದರೆ ಎಂಥ ಆಟಗಾರನಿಗೂ ಮುಖ ಹುಳ್ಳಗಾಗುತ್ತದೆ. ಚೆಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ಪಟ್ಟಿಯ ಮರೆಯಲ್ಲಿರುತ್ತದೆ, ಕೋಲಿನ ತುದಿಗೆ ಸಿಗುವುದು ನೆತ್ತಿಯ ಚೂರು ಮಾತ್ರ. ಮಾವನಿಗೆ ಅದೇ ಹಬ್ಬ. ಮೇಜಿನ ನಡುವೆ ಕೋಲು ಊರಲು ಹೆಬ್ಬೆರಳು ತೋರುಬೆರಳಿನ ಕವಲು ಬೇಕು, ಮಾವನಿಗೆ ಅದಿಲ್ಲ. ಅಂಚಿನಲ್ಲಾದರೆ ಕೋಲು ಮರದ ಪಟ್ಟಿಯ ಮೇಲೇ ಮಲಗುತ್ತದೆ, ಪಕ್ಕಕ್ಕೆ ಜಾರದಂತೆ ಒಂದು ನಡುಬೆರಳು ಆತುಕೊಂಡಿದ್ದರೆ ಸಾಕು. ಎಲ್ಲರೂ ಹೆದರುವ ಜಾಗದಲ್ಲಿ ಮಾತ್ರ ಮಾವನ ಕೈ ಪೂರ್ತಿ ಕೈ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಆಮೇಲೆ. ಮೊದಲೇ ಕೇಳಬೇಕಿತ್ತು.

ಕ್ಲಬ್ಬಿನವರು ಮೇಜು ತೆಗೆದು ಜಿಮ್ ಮಾಡಿದಾಗ ನನ್ನ ಗಂಡ ಮನು, ಮಾವನ ಅಕ್ಕನ ಮಗ, ಹಾಸನದಲ್ಲೇ ಮನೆಯ ಮಹಡಿಯಲ್ಲಿ ಎರಡು ಮೇಜು ಹಾಕಿ ಪೂಲ್ ಪಾರ್ಲರ್ ತೆರೆದರು. ಮಾವ ನಮ್ಮ ಜೊತೆಗೇ ಬಂದರು. ಮೇಲೆ ಗಂಡಸರ ಗದ್ದಲ. ಕೆಳಗೆ ನಾನು, ಎರಡು ವರ್ಷದ ಧನ್ಯಾ, ಟೀ ಪಾತ್ರೆ. ಮೇಲಿನಿಂದ, ಹುಡುಗರಿಗೆ ಹೇಳಿಕೊಡುವ ಮಾವನ ದನಿ ಕೇಳುತ್ತಲೇ ಇರುತ್ತಿತ್ತು.

"ಕೋಲ್ನ ಹಿಂದ್ಗಡೆ ಒಂಚೂರು ಎತ್ತು ಕಣ್ಲಾ. ಬೋ ಎತ್ಬ್ಯಾಡ, ನೆಲಕ್ಕೆ ಗಡಾರಿ ಹಾಕ್ದಂಗೆ! ಹಿಡಿ ಮುಂದಕ್ ತತ್ತ. ನೆತ್ತಿ ಮ್ಯಾಲೆ ನಡೂಮಧ್ಯಕ್ಕೆ ಮುಟ್ಸು. ಎಡಕ್ಕೆ ಬಲಕ್ಕೆ ತಿರುಗ್ಸೋ ಆಸೆ ಬ್ಯಾಡ, ಇಲ್ಲಿ ಅದು ನಡೆಯಾಕಿಲ್ಲ. ಏಟು ಗಿಡ್ಡಕ್ಕಿರ್ಲಿ, ಮೆತ್ತಗಿರ್ಲಿ. ತಲೆ ಎತ್ಬ್ಯಾಡ ಅಂದ್ನಲ್ಲ! ನೋಡು, ಎತ್ಬುಟ್ಟ."

ಧನ್ಯಾ ಆ ದನಿ ಕೇಳುತ್ತ ನಿದ್ದೆ ಹೋಗುತ್ತಿದ್ದಳು. ನನಗೂ ಅದು ಮಿಕ್ಸಿಯ ಸದ್ದಿನ ಹಾಗೆ, ಕಿವಿಗೆ ಬೀಳುತ್ತಿತ್ತೇ ಹೊರತು ತಲೆಗಲ್ಲ.

ಹೋದ ವರ್ಷ ಮನು ಒಂದು ಪಂದ್ಯಾವಳಿ ಇಟ್ಟರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆಯಿಂದ ಹುಡುಗರು ಫೋನು ಮಾಡಿದರು. ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಒಂದು ಬೆಳಿಗ್ಗೆ ಮಾವ ಟೀ ಲೋಟ ಇಡಲು ಬಂದವರು ಅಡುಗೆಮನೆ ಬಾಗಿಲಲ್ಲೇ ನಿಂತರು.

"ಮೇಘಾ, ನಂದೂ ಒಂದೆಸ್ರು ಬರ್ಕಳವ್ವ."

ನಾನು ನಕ್ಕೆ. ಅವರು ನಗಲಿಲ್ಲ.

"ಬ್ಯಾರೆಯೋರ ಅಂಕ ಕೂಗೀ ಕೂಗೀ ಗಂಟ್ಲು ಒಂಟೋಯ್ತು. ಒಂದು ದಪ ನನ್ನೆಸ್ರು ಯಾರಾದ್ರೂ ಕೂಗ್ಲಿ. ಸೋಲೋದು ಗೆಲ್ಲೋದು ಆಮ್ಯಾಕೆ. ನಾಕು ಜನದ ಮುಂದೆ ನನ್ನ ಆಟ ಒಂದ್ಸಲ ಆಡ್ಬುಟ್ರೆ ಸಾಕು."

ಅರವತ್ತೊಂದು ವರ್ಷದ ಮನುಷ್ಯ, ಆ ವಾಕ್ಯ ಹೇಳಲು ಎಷ್ಟು ದಿನ ಬಾಯಿಪಾಠ ಮಾಡಿದ್ದರೋ. ನಾನು ಅವರ ಎದುರಿಗೇ ಬರೆದೆ: ದೇವರಾಜು, ಹಳ್ಳಿಮೈಸೂರು. "ಆ ಆಟಕ್ಕೆ ನಾನೇ ಮಾರ್ಕರ್ ಆಗ್ತೀನಿ ಬಿಡು ಮಾವ" ಎಂದರು ತಿಂಡಿಗೆ ಕೂತಿದ್ದ ಮನು.

ಚೀಟಿ ಎತ್ತಿದಾಗ ಮಾವನಿಗೆ ಎದುರಾಳಿಯಾಗಿ ಬಂದದ್ದು ಅಮರನಾಥ. ಅರಕಲಗೂಡಿನಲ್ಲಿ ಅವರದು ಪಾತ್ರೆ ಅಂಗಡಿ. ಒಳ್ಳೆಯ ಆಟಗಾರ, ಅದಕ್ಕಿಂತ ಒಳ್ಳೆಯ ಹುಡುಗ. ಒಳಗೆ ಬರುವಾಗ ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿ ಬಿಡುವಂಥವನು.

ಆಟಕ್ಕೆ ಮುಂಚೆ ಮೆಟ್ಟಿಲ ಬಳಿ ಅವನನ್ನು ನಿಲ್ಲಿಸಿದವಳು ನಾನೇ. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟು. ಅಂಚಿಗೆ ಅಂಟಿದ ಚೆಂಡು ಹತ್ತು ಬೆರಳಿದ್ದವರಿಗೇ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಮಾವ ಅಲ್ಲಿ ಸಿಕ್ಕಿಕೊಂಡು ಒದ್ದಾಡುವುದನ್ನು ಅಷ್ಟು ಹುಡುಗರು ನೋಡಬಾರದು. ಮನುವಿಗೆ ನಿಜ ಗೊತ್ತಿತ್ತು. ಕೇಳಿದ್ದರೆ ಒಂದು ಮಾತಿನಲ್ಲಿ ಹೇಳುತ್ತಿದ್ದರು. ಯಾವತ್ತೂ ಔಷಧಿಯ ಬಾಟಲಿಯ ಮೇಲಿನ ಅಕ್ಷರವನ್ನು ಎರಡು ಸಲ ಓದಿ ಮಗುವಿಗೆ ಕೊಡುವವಳು, ಇದನ್ನು ಮಾತ್ರ ಕೇಳಲಿಲ್ಲ.

"ಅಮರ್, ಮಾವನ ಕೈ ನೋಡಿದೀಯಲ್ಲ. ಬಿಳಿ ಚೆಂಡನ್ನ ಅಂಚಿಗೆ ಮಾತ್ರ ಬಿಡಬೇಡಪ್ಪ. ಗೆಲ್ಲೋದಾದ್ರೆ ಗೆಲ್ಲು, ಆದ್ರೆ ನಡುವಲ್ಲಿ ಬಿಡು."

"ಛೆ, ಇದನ್ನ ಹೇಳ್ಬೇಕಾ ಅಕ್ಕ? ದೊಡ್ಡೋರ್ನ ಅಂಚಿಗೆ ಸಿಗಾಕ್ಸಿ ಮಜಾ ನೋಡೋನಲ್ಲ ನಾನು."

ಅವನು ಮಾತು ಉಳಿಸಿಕೊಂಡ. ಮೂರರಲ್ಲಿ ಎರಡು ಆಟ ಗೆದ್ದವರು ಮುಂದಕ್ಕೆ. ಧನ್ಯಾಳನ್ನು ಸೊಂಟಕ್ಕೇರಿಸಿಕೊಂಡು ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಮರನಾಥ ಹೊಡೆದಾಗಲೆಲ್ಲ ಬಿಳಿ ಚೆಂಡು ಎಲ್ಲಿಗೋ ಹೋಗಿ, ಸುತ್ತಿ, ಮೇಜಿನ ನಡುವೆ ಬಂದು ಮೆಲ್ಲಗೆ ನಿಲ್ಲುತ್ತಿತ್ತು. ಹಾಗೆ ನಿಲ್ಲಿಸಲು ಅವನು ಎರಡು ಕಡೆ ತನ್ನ ಸುಲಭದ ಚೆಂಡನ್ನೂ ಬಿಟ್ಟುಕೊಟ್ಟ. ಎಂಥ ಒಳ್ಳೆಯ ಹುಡುಗ ಎಂದುಕೊಂಡೆ.

ಮಾವ ಪ್ರತಿ ಸಲವೂ ಮೇಜನ್ನು ಒಂದು ಸುತ್ತು ಬಂದು, ಮೂರು ಬೆರಳಿನ ಕೈಯನ್ನು ಅಂಚಿನ ಮರದ ಮೇಲೆ ಇಟ್ಟು ನೋಡುತ್ತಿದ್ದರು. ಬಿಳಿ ಚೆಂಡು ಎಟುಕುತ್ತಿರಲಿಲ್ಲ. ಮತ್ತೆ ಮೂಲೆಗೆ ಹೋಗಿ ಕವಲುಕೋಲು ತರುತ್ತಿದ್ದರು. ಕೈಗೆ ಬದಲು ಕೋಲು ಊರಲು ಇಡುವ, ತುದಿಗೆ ಹಿತ್ತಾಳೆಯ ಕವಲಿರುವ ಉದ್ದದ ಕೋಲು ಅದು. ಅದರ ಮೇಲೆ ಅವರ ಏಟು ಅಲುಗುತ್ತಿತ್ತು.

"ಮಾವನ್ಗೆ ಊರುಗೋಲು ಬಂತು ಕಣ್ರಲಾ!" ಎಂದ ಚನ್ನರಾಯಪಟ್ಟಣದ ಶಿವರಾಜು. ಹುಡುಗರು ನಕ್ಕರು.

"ನಗಪ್ಪ ನಗು. ನಿಂಗೂ ಅರವತ್ತಾಯ್ತದೆ, ಬದುಕಿದ್ರೆ" ಎಂದರು ಮಾವ. ಇನ್ನೂ ಜೋರಾಗಿ ನಕ್ಕರು.

ಎರಡಕ್ಕೆ ಸೊನ್ನೆ. ಮನು ಮಾವನ ಹೆಸರು ಕೂಗುವುದೇನೋ ಕೂಗಿದರು, ಸೋತವರದೆಂದು. ಮಾವ ಅಮರನಾಥನ ಕೈ ಕುಲುಕಿ, ಹೋಗಿ ಬ್ರಷ್ ಎತ್ತಿಕೊಂಡು, ಮುಂದಿನ ಆಟಕ್ಕೆ ಮೇಜು ಒರೆಸಿದರು.

ಅವತ್ತು ಊಟಕ್ಕೆ ಕೂತಾಗ ಅವರ ಮುಖ ಬಾಡಿರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ.

"ಆ ಹುಡ್ಗ ಬಲು ಚಾಲಾಕಿ ಕಣವ್ವ. ಒಂದ್ಸಲ, ಒಂದೇ ಒಂದ್ಸಲ ಅಂಚಿಗೆ ಬುಡ್ಲಿಲ್ಲ. ನನ್ನ ಆಟ ಎಲ್ಲದೆ ಅಂತ ಕಂಡಿಡ್ಕಬುಟ್ಟವ್ನೆ. ನಲವತ್ತು ವರ್ಸ ಕ್ಲಬ್ಬಲ್ಲಿ ಒಬ್ರಿಗೂ ಗೊತ್ತಾಗ್ನಿಲ್ಲ. ಇವ್ನು ಎದ್ರಿ ಆಡ್ದ, ನಂಗೆ!"

ಸಾರಿನ ಪಾತ್ರೆ ಕೆಳಗಿಟ್ಟೆ. "ಅಂಚಲ್ಲಿ ನಿಮಗೆ ಕಷ್ಟ ಅಲ್ವಾ ಮಾವ?" ಎಂದೆ. ಅವರು ಮನುವಿನ ಮುಖ ನೋಡಿ ನಕ್ಕರು. ಆಮೇಲೆ ಮನು ಹೇಳಿದರು, ವಾಲಿದ ಮೇಜಿನ ಕಥೆ, ಬೆಳಗಿನ ಕಥೆ, ಎಲ್ಲ.

ಆ ವರ್ಷವೆಲ್ಲ ಮಾವ ಆ ಸೋಲನ್ನು ಬಂದವರಿಗೆಲ್ಲ ಬಣ್ಣಿಸಿದರು. ಹಾಲಿನ ಚಂದ್ರಯ್ಯನಿಗೆ ಕೂಡ, ಹಾಲು ಅಳೆಯುವುದನ್ನು ನಿಲ್ಲಿಸಿ. ಎದುರಾಳಿ ಹೆದರಿದ್ದನಂತೆ, ಮೊದಲನೆಯ ಏಟಿಗೇ ಮಾವನ ಕಣ್ಣು ಎಲ್ಲಿದೆ ಎಂದು ಓದಿಕೊಂಡನಂತೆ. ನಾನು ಒಳಗೆ ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ. ಮೆಟ್ಟಿಲ ಬಳಿಯ ಮಾತನ್ನು ಮುಚ್ಚಿಟ್ಟೆ. ಅವರ ಬಳಿ ಇದ್ದದ್ದು ಆ ಒಂದು ಸೋಲು ಮಾತ್ರ. ಅದನ್ನು ಕಿತ್ತುಕೊಳ್ಳುವುದು ಹೇಗೆ?

ಈ ವರ್ಷ ಮತ್ತೆ ಪಂದ್ಯಾವಳಿ ಬಂತು. ನಾನೇ ಮೇಲಕ್ಕೆ ಹೋಗಿ ಕೇಳಿದೆ. ಬೆಳಗಿನ ಹೊತ್ತು, ಮಾವ ಬಟ್ಟೆಗೆ ಬ್ರಷ್ ಹಾಕುತ್ತಿದ್ದರು.

"ಬ್ಯಾಡ ಕಣವ್ವ" ಎಂದರು. "ನನ್ನ ಗುಟ್ಟು ಒಬ್ನಿಗೆ ಗೊತ್ತಾದ್ಮ್ಯಾಲೆ ಊರಿಗೆಲ್ಲ ಗೊತ್ತಾದಂಗೆಯ. ಇನ್ನು ಎಲ್ರೂ ನಡುವಿಗೇ ಬುಡ್ತಾರೆ. ಆ ಕವಲುಕೋಲು ಇಡ್ಕಂಡು ಇನ್ನೊಂದ್ಸಲ ಸುತ್ತಾಕೆ ನನ್ನ ಕೈಲಾಗಾಕಿಲ್ಲ."

ಆಗ ನನ್ನ ಒಳಗಿನ ವ್ಯವಹಾರಸ್ಥೆ ಎದ್ದಳು. ನಿಜ ಹೇಳಿದರೆ ಇವರು ಮತ್ತೆ ಆಡುತ್ತಾರೆ, ಈ ಸಲ ಯಾರೂ ಕರುಣೆ ತೋರಿಸುವುದಿಲ್ಲ, ಚೆಂಡು ಅಂಚಿಗೆ ಬಂದೇ ಬರುತ್ತದೆ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಹೇಳಿಬಿಟ್ಟೆ. ಮೆಟ್ಟಿಲ ಬಳಿ ನಾನು ಏನಂದೆ, ಅವನು ಏನಂದ, ಒಂದಕ್ಷರ ಬಿಡದೆ.

ಮಾವ ಬ್ರಷ್ ಹಾಕುವುದನ್ನು ನಿಲ್ಲಿಸಲಿಲ್ಲ. ಮೇಜಿನ ಆ ತುದಿಯ ತನಕ ಹೋಗಿ ತಿರುಗಿದರು.

"ಅಂಗಾರೆ ಅವ್ನು ಎದ್ರಿರ್ಲಿಲ್ಲ."

"ಇಲ್ಲ ಮಾವ. ತಪ್ಪು ನಂದು. ಈ ಸಲ ಹೆಸರು ಬರೀಲಾ? ಯಾರಿಗೂ ಏನೂ ಹೇಳಲ್ಲ, ಧನ್ಯಾ ಆಣೆ."

"ಮಗೀನ್ ಮ್ಯಾಲೆ ಆಣೆ ಇಡಬ್ಯಾಡ" ಎಂದು ಗದರಿದರು. ಆಮೇಲೆ ಮೆಲ್ಲಗೆ, "ನೀನು ಒಳ್ಳೇದಕ್ಕೇ ಅಂದೆ ಬುಡು. ಅವ್ನೂ ಒಳ್ಳೆಯವ್ನೆಯ. ಓಗು, ಮಗು ಎದ್ದದೆ, ಅಳ್ತದೆ ನೋಡು."

ಧನ್ಯಾ ಅಳುತ್ತಿರಲಿಲ್ಲ. ಆದರೂ ಇಳಿದು ಬಂದೆ.

ಅವರು ಹೆಸರು ಕೊಡಲಿಲ್ಲ. ಪಂದ್ಯದ ದಿನ ಎಂದಿನಂತೆ ಮೇಜಿನ ಪಕ್ಕ ನಿಂತು ಬೇರೆಯವರ ಅಂಕ ಕೂಗಿದರು. ನಾನು ಟೀ ತಟ್ಟೆ ಹಿಡಿದು ಮೇಲೆ ಹೋದಾಗ ಹೊಳೆನರಸೀಪುರದಿಂದ ಹೊಸದಾಗಿ ಬಂದ ಒಬ್ಬ ಆಟಗಾರ, ಯಾರೋ ಹೇಳಿಕೊಟ್ಟಿರಬೇಕು, ಆಸೆಯಿಂದ ಕೇಳುತ್ತಿದ್ದ: "ಯಜಮಾನ್ರೇ, ಹೋದ್ ವರ್ಸ ನಿಮ್ಮ ಆಟದ್ದು ಒಂದು ದೊಡ್ಡ ಕಥೆ ಐತಂತಲ್ಲ, ಹೇಳಿ ಸಾ."

ಮಾವ ಲೋಟ ತೆಗೆದುಕೊಂಡರು. ನನ್ನ ಕಡೆ ನೋಡಲಿಲ್ಲ.

"ಕಥೆ ಏನಿಲ್ಲ ಕಣಪ್ಪ" ಎಂದರು. "ಸೋತೆ."