ಅಕ್ಕ ಪೇರಿಸುತ್ತಿದ್ದ ಕಲ್ಲು

ಕಲ್ಲಿನ ಮೇಲೆ ಕಲ್ಲು ಕೂತಾಗ ಟಕ್ಕೆಂದು ಸಣ್ಣ ಸದ್ದಾಗುತ್ತದೆ. ಅದು ಕಿವಿಗೆ ಬಿದ್ದಾಗಲೆಲ್ಲ, ಕಣ್ಣಾರೆ ನೋಡಿದ್ದನ್ನು ನೋಡಿದೆ ಎಂದು ಹೇಳದೆ ಹೋದ ದಿನ ನೆನಪಾಗುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ತೋಚಿದಂತೆ ಬರೆಯುತ್ತಿದ್ದೇನೆ.

ಆಗ ನಮ್ಮ ಮನೆ ಕೆ.ಆರ್. ಪೇಟೆ ಕಡೆಯ ಹಿನ್ನೀರಿನ ದಡದಲ್ಲಿತ್ತು. ಮುಂದೆ ಅಪ್ಪನ ಕುಲುಮೆ, ಹಿಂದೆ ಅಡುಗೆಮನೆ. ಇದ್ದಿಲ ಹೊಗೆ, ಹುರುಳಿಸಾರಿನ ಘಮ ಬೆರೆತೇ ಇರುತ್ತಿದ್ದವು. ದಡದ ಗುಡಿಗೆ ಬಂದವರು ಸ್ವಂತ ಮನೆಯಾಗಲೆಂದು ಹರಕೆ ಹೊತ್ತು ಕಲ್ಲು ಪೇರಿಸುತ್ತಿದ್ದರು. ಪೂಜೆ ಮುಗಿಸಿ ಬರುವವರೆಗೆ ಅದು ನಿಂತಿರಬೇಕು, ಆದರೆ ನೀರ ಮೇಲಿನ ಗಾಳಿ ಬಿಡುತ್ತಿರಲಿಲ್ಲ. ಅಕ್ಕ ಸಾವಿತ್ರಿ ಅವರಿಗೆ ಪೇರಿಸಿಕೊಟ್ಟದ್ದು ಮಾತ್ರ ನಿಲ್ಲುತ್ತಿತ್ತು. ಕಲ್ಲನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ಭಾರ ಯಾವ ಕಡೆಗಿದೆ ಎಂದು ನೋಡುತ್ತಿದ್ದಳು. "ಗಾಳಿ ತಳ್ಳೋ ಕಡೀಕೆ ಒಂದ್ ಕಲ್ಲಿನ್ ಚಕ್ಕೆ ಕೊಡ್ಬೇಕು ಕಣೆ, ಇಡೋವಾಗ ಉಸ್ರು ಬುಡ್ಬೇಡ," ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಪುಟ್ಟತಾಯಮ್ಮ, "ಊರೋರ್ಗೆಲ್ಲ ಮನೆ ನಿಲ್ಲುಸ್ತಾಳೆ, ಇವ್ಳ್ಗೆ ಮಾತ್ರ ಒಂದ್ ಗಂಡು ಸಿಕ್ಕಾಕಿಲ್ಲ," ಎಂದು ಆಡಿಕೊಂಡು ನಕ್ಕಳು. ಅಕ್ಕ ಕೇಳಿಸಿಕೊಂಡೇ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಅವತ್ತೇ ಮಧ್ಯಾಹ್ನ ಪುಟ್ಟತಾಯಮ್ಮ ತಾನೇ ಕಲ್ಲು ಪೇರಿಸಿ ಗುಡಿಯೊಳಗೆ ಹೋದಳು. ಗಾಳಿಗೆ ಕಲ್ಲು ಅಲುಗಿತು. ದಡದಲ್ಲಿ ನನ್ನ ಜೊತೆ ನಿಂತಿದ್ದ ಅಕ್ಕ ಓಡಿದಳು, ಬಗ್ಗಿ ಒಂದು ಚಕ್ಕೆ ಹುಡುಕಿದಳು, ಅದನ್ನು ಕಲ್ಲಿನಡಿಗೆ ಒತ್ತುವಷ್ಟರಲ್ಲಿ ಎಲ್ಲ ಉರುಳಿತು.

"ಬೀಳ್ಸ್‌ಬುಟ್ಟಲ್ಲೇ! ನಮ್ಗೊಂದ್ ಮನೆ ಆದ್ರೆ ನಿಂಗೇನೆ ಒಟ್ಟೆಕಿಚ್ಚು?" ಎಂದು ಗುಡಿಯಿಂದ ಹೊರಬಂದ ಪುಟ್ಟತಾಯಮ್ಮ ಕೂಗಾಡಿದಳು. ಜನ ಸೇರಿದರು. ಅಕ್ಕ ನನ್ನತ್ತ ತಿರುಗಿ, "ನೀನ್ ನೋಡ್ದಲ್ವಾ, ಯೋಳೆ," ಅಂದಳು.

ನೋಡಿದ್ದೆ. ಆದರೆ ಬೆಳಗಿನ ಮಾತಿಗೆ ಸೇಡು ತೀರಿಸಿಕೊಂಡಳೋ ಏನೋ ಎಂಬ ಅನುಮಾನ ನನ್ನೊಳಗೂ ಹೊಕ್ಕಿತು.

"ನಾನ್ ನೋಡ್ಲಿಲ್ಲ."

ಆಮೇಲೆ ಅಕ್ಕ ಬರುವುದು ಕಂಡರೆ ಹೆಂಗಸರು ತಾವು ಪೇರಿಸಿದ ಕಲ್ಲಿಗೆ ಬೆನ್ನು ಅಡ್ಡ ಕೊಟ್ಟು ನಿಲ್ಲುತ್ತಿದ್ದರು. ಮನೆಯಲ್ಲಿ ಪಾತ್ರೆ ಬಿದ್ದರೂ ಅವ್ವ ಮೊದಲು ನೋಡುತ್ತಿದ್ದುದು ಅವಳನ್ನೇ. ಅಕ್ಕ ದಡಕ್ಕೆ ಹೋಗುವುದನ್ನೇ ಬಿಟ್ಟಳು. ಕೆಡವಲು ಹೋದವಳು ಚಕ್ಕೆ ಯಾಕೆ ಹುಡುಕುತ್ತಾಳೆ? ಇಷ್ಟು ಸಣ್ಣ ಮಾತು ನನಗೆ ಹೊಳೆಯುವ ಹೊತ್ತಿಗೆ ಅಪ್ಪ ಅವ್ವ ಇರಲಿಲ್ಲ, ಕುಲುಮೆ ಇದ್ದ ಜಾಗದಲ್ಲಿ ಯಾರದೋ ತೆಂಗಿನ ಸಸಿಗಳಿದ್ದವು.

ಮೊನ್ನೆ ನಾಗಮಂಗಲಕ್ಕೆ ಅಕ್ಕನ ಮನೆಗೆ ಹೋಗಿದ್ದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿ, "ಯಾಕೆ ಇಂಗ್ ಮೊಕ ಮಾಡ್ಕೊಂಡ್ ಕುಂತಿದೀಯ? ಬಸ್ಸಲ್ಲಿ ಯಾರಾರ ಬೈದ್ರಾ?" ಎಂದು ನಕ್ಕಳು.

"ಅವತ್ತು ನಾನು ನೋಡಿದ್ದೆ ಕಣಕ್ಕ. ನೀನು ನಿಲ್ಸಕ್ಕೇ ಓಗಿದ್ದೆ. ನಾನೂ ನಿನ್ ಮ್ಯಾಲೆ ಅನುಮಾನ ಪಟ್ಬುಟ್ಟೆ. ತಪ್ಪಾಯ್ತು ಕಣಕ್ಕ."