ನಕಲು ಕಾರು ನೋಡುವ ಸೊಣ್ಣಪ್ಪ

ಚಾಮರಾಜಪೇಟೆಯ ಗ್ಯಾರೇಜಿನ ಸೊಣ್ಣಪ್ಪನವರಿಗೆ ಹಳೇ ಸ್ಪೋರ್ಟ್ಸ್ ಕಾರಿನ ನಕಲು ಕಂಡರೆ ಮೈಯೆಲ್ಲ ಉರಿ. ಆದರೂ ಕೊಳ್ಳುವವರೆಲ್ಲ ಪರೀಕ್ಷೆಗೆ ಅವರ ಬಳಿಗೇ ತರುತ್ತಾರೆ. ಅವರು ಬಾಗಿಲ ಸಂದಿಗೆ ಬೆರಳು ತೂರಿಸಿ, "ಇಲ್ಲಿ ಹೆಗ್ಗಣ ಸಂಸಾರ ಮಾಡ್ಬೋದು" ಎನ್ನುತ್ತಾರೆ; ಬಾನೆಟ್ ತಟ್ಟಿ, "ಇದು ಕಾರಲ್ಲ, ನೀರಿನ ಡ್ರಮ್ಮು!" ಎಂದು ಗದರುತ್ತಾರೆ. ಮೊನ್ನೆ ಬ್ಯಾಂಕಿನ ಅಮರ್ ತಂದ ಕೆಂಪು ಕಾರಿನ ಅಡಿಗೆ ತೂರಿದವರು ಅಲ್ಲಿಂದಲೇ ಕೂಗಿದರು: "ಯಾವನೋ ಈ ವೆಲ್ಡಿಂಗ್ ಮಾಡ್ದೋನು? ಸ್ಪೀಡಲ್ಲಿ ಚಕ್ರ ಕಿತ್ಕೊಂಡು ಜೀವ ಹೋಗತ್ತೆ!" ಆಮೇಲೆ ಟಾರ್ಚ್ ಹಿಡಿದು ಆ ಬೆಸುಗೆಯನ್ನೇ ಹತ್ತಿರದಿಂದ ನೋಡಿದರು. ಹೊರಬಂದಾಗ ಮುಖ ಕಪ್ಪಿಟ್ಟಿತ್ತು. "ಹತ್ತು ವರ್ಷದ ಹಿಂದೆ ಆತುರಕ್ಕೆ ನಾನೇ ಮಾಡಿದ್ದಪ್ಪ ಇದು. ಇಂಥವು ಇನ್ನೂ ಮೂರು ಓಡಾಡ್ತಿವೆ." ತಕ್ಷಣ ಫೋನೆತ್ತಿ, ಆ ಮೂರು ಕಾರುಗಳ ಮಾಲೀಕರಲ್ಲಿ ಮೊದಲನೆಯವರಿಗೆ ಅದೇ ದನಿಯಲ್ಲಿ ಗದರಿದರು: "ಆ ಕಾರು ಓಡಿಸ್ಬೇಡಿ ಸ್ವಾಮಿ! ಮಾಡ್ದೋನು ಶುದ್ಧ ಅಯೋಗ್ಯ. ನಾನೇ!"