ಸ್ಕ್ಯಾನಿಗೆ ಮುಂಚಿನ ಫಲಾಹಾರ

ಅಕ್ಕನಿಗೆ ಎರಡು ಕೀಮೋ ಮುಗಿದಿದ್ದವು. ಮೂರನೆಯದಕ್ಕೆ ಮುಂಚೆ ಪೆಟ್ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು. ಕತ್ತಿನ ಗಂಟುಗಳು ಮೊದಲ ಚಿತ್ರದಲ್ಲಿದ್ದುದಕ್ಕಿಂತ ಮಂಕಾಗಿದ್ದರೆ ಇದೇ ಔಷಧಿ. ಹಾಗೇ ಉಳಿದಿದ್ದರೆ ಇದು ನಾಟುತ್ತಿಲ್ಲ ಎಂದರ್ಥ. ಇನ್ನೂ ಕಠಿಣವಾದದ್ದು ಶುರುವಾಗಬೇಕು. ಸ್ಕ್ಯಾನಿಗೆ ಆರು ಗಂಟೆ ಮುಂಚಿನಿಂದ ನೀರು ಬಿಟ್ಟು ಏನೂ ತೆಗೆದುಕೊಳ್ಳಬಾರದು. ಸೂಜಿಯಲ್ಲಿ ಕೊಡುವುದು ಒಂದು ಬಗೆಯ ಸಕ್ಕರೆ. ಬದುಕಿರುವ ಗಡ್ಡೆ ಅದನ್ನು ಹೀರಿಕೊಂಡು ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಹೊಟ್ಟೆಗೆ ಬೇರೇನಾದರೂ ಬಿದ್ದಿದ್ದರೆ ಆ ಚಿತ್ರವನ್ನು ನಂಬುವ ಹಾಗಿಲ್ಲ. ಚೀಟಿಯಲ್ಲಿದ್ದ ಇಷ್ಟನ್ನೂ ಫೋನಿನಲ್ಲಿ ಅಕ್ಕನಿಗೆ ಎರಡು ಸಲ ಓದಿ ಹೇಳಿದ್ದೆ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವಳಿಗೆ.

ಗುಬ್ಬಿಯಿಂದ ಅವಳನ್ನು ಕಾರಿನಲ್ಲಿ ಕರೆತಂದವರು ಕುಣಿಗಲ್ಲಿನ ಚಿಕ್ಕಪ್ಪ. ಎಷ್ಟೋ ವರ್ಷಗಳಿಂದ ಸೋಮವಾರ ತಪ್ಪಿಸದವರು. ನಮ್ಮ ಮನೆತನದಲ್ಲಿ ಉಪವಾಸ ಎಂದರೆ ಅನ್ನ ಬಿಡುವುದು, ಅಷ್ಟೇ. ಅವಲಕ್ಕಿ, ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು, ಇವೆಲ್ಲ ಉಪವಾಸದ ಅಂಗಗಳು. ಚಿಕ್ಕಪ್ಪ ಬೇರೆ ದಿನಗಳಿಗಿಂತ ಸೋಮವಾರವೇ ಹೆಚ್ಚು ತಿನ್ನುತ್ತಾರೆ. ಶಿವರಾತ್ರಿಯ ಮಾರನೆಯ ದಿನ ಅವರಿಗೆ ಅಜೀರ್ಣ.

ಬಟವಾಡಿಯ ಸ್ಕ್ಯಾನ್ ಸೆಂಟರಿನಲ್ಲಿ ನರ್ಸ್ ಅಕ್ಕನ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಮತ್ತೊಮ್ಮೆ ಚುಚ್ಚಿದಳು. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದಳು. ಅಕ್ಕ ಬೆರಳಿಗೆ ಹತ್ತಿ ಒತ್ತಿಕೊಂಡಳು. ಚಿಕ್ಕಪ್ಪ ಮುಂದೆ ಬಂದರು.

“ಕಟ್ಟುನಿಟ್ಟು ಉಪವಾಸ ಕಣಮ್ಮ. ಒಂದಗುಳು ಅನ್ನ ಮುಟ್ಟಿಲ್ಲ. ಈಗ ಕಾರಲ್ಲಿ ಎರಡು ಬಾಳೆಹಣ್ಣು, ಒಂದು ಲೋಟ ಬೆಲ್ಲದ ಹಾಲು, ಅಷ್ಟೇಯ.”

“ಅದು ದೇವ್ರಿಗೆ ನಡೆಯುತ್ತೆ ಯಜಮಾನ್ರೇ. ನಮ್ ಮಿಷನ್ನಿಗೆ ನಡೆಯಲ್ಲ.”

ಮೂರು ದಿನ ಬಿಟ್ಟು ಬರಲು ಹೇಳಿದರು. ಕೀಮೋನೂ ಮುಂದಕ್ಕೆ ಹೋಯಿತು. ತಮ್ಮ ಉಪವಾಸವನ್ನು ಒಪ್ಪದ ಮಿಷನ್ನಿನಲ್ಲೇ ದೋಷವಿದೆ ಎಂದು ವಿವರಿಸಲು ಚಿಕ್ಕಪ್ಪ ಕೌಂಟರಿಗೆ ಹೋದರು. ನಾನು ಅಕ್ಕನ ಪಕ್ಕ ಕೂತು, ಅವರ ಬಗ್ಗೆ ಬಹಳ ದಿನದಿಂದ ಕೂಡಿಟ್ಟಿದ್ದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಅವರನ್ನ ಬೈಬೇಡ ಕಣೋ. ನಂಗೆ ಗೊತ್ತಿತ್ತು. ಬೇಕಂತಲೇ ತಿಂದೆ. ಔಷಧಿ ನಾಟಿಲ್ಲ ಅಂತ ಇವತ್ತೇ ಗೊತ್ತಾಗೋದು ಬೇಡ ಅನ್ನಿಸ್ತು.”

ನಾನು ಎರಡೆರಡು ಸಲ ಓದಿ ಹೇಳಿದ್ದ ಚೀಟಿಯಲ್ಲಿ ಇದಕ್ಕೆ ಏನೂ ಬರೆದಿರಲಿಲ್ಲ.

ಮುಂದಿನ ಸಲ ಅವಳು ಬಸ್ಸಿನಲ್ಲಿ ಒಬ್ಬಳೇ ಬಂದಳು. ಕೈಯಲ್ಲಿ ನೀರಿನ ಬಾಟಲಿ ಮಾತ್ರ. ಸ್ಕ್ಯಾನ್ ಆಯಿತು. ಮಾರನೆಯ ದಿನ ಡಾಕ್ಟರು ಎರಡು ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ನಾನು ಚಿತ್ರ ನೋಡಿದೆ. ಅಕ್ಕ ಅವರ ತುಟಿಯನ್ನೇ ನೋಡುತ್ತಿದ್ದಳು. ಗಂಟುಗಳು ಬಹಳ ಮಟ್ಟಿಗೆ ಮಂಕಾಗಿವೆ, ಇದೇ ಔಷಧಿ ಮುಂದುವರಿಸೋಣ ಎಂದರು.

“ಇನ್ನೊಂದ್ಸಲ ಹೇಳಿ ಡಾಕ್ಟ್ರೇ,” ಎಂದಳು.

ಹೊರಗೆ ಜನ ಕಾಯುತ್ತಿದ್ದರು. ಡಾಕ್ಟರು ಗಡಿಯಾರ ನೋಡಿ, ಸ್ವಲ್ಪ ಬೇಸರದಿಂದಲೇ, ಅದೇ ಮಾತನ್ನು ಮತ್ತೆ ಹೇಳಿದರು.